ಉಜ್ಜಿದ ಗುಂಡಿ

ಹಳೆಯ ರೈಲ್ವೆ ಕೋಟಿನ ಎದೆಯ ಗುಂಡಿಗೆ ಒಂದು ಬೆಲೆ, ತೋಳಿನ ಚಿಕ್ಕ ಗುಂಡಿಗೆ ಅದರರ್ಧ. ಹಿಂಬದಿಯಲ್ಲಿ ತಯಾರಿಸಿದವರ ಹೆಸರು ಓದಲು ಬಂದರೆ ಇನ್ನೂ ಜಾಸ್ತಿ. ಉಜ್ಜಿ ಹೊಳೆಸಿದ್ದರೆ ಮಾತ್ರ ಸಂಗ್ರಹ ಮಾಡುವವರು ಮುಟ್ಟುವುದಿಲ್ಲ. ಅದು ಕಿವಿಯೋಲೆ ಮಾಡುವ ವ್ಯಾಪಾರಿಯ ಪಾಲು.

ಈ ಕೊನೆಯ ಮಾತು ಅವಳಿಗೆ ಗೊತ್ತಿರಲಿಲ್ಲ...

ಗಡಿಯಾರ ರಿಪೇರಿಯವನು ಮೊದಲ ಸಲ ಅವಳ ಹೊಲಿಗೆ ಅಂಗಡಿಗೆ ಬಂದಾಗ ಅವಳ ಮುಖವನ್ನೇ ನೋಡಲಿಲ್ಲ. ಗೋಡೆಯ ಮೇಲಿದ್ದ ಕೋಟನ್ನು ನೋಡುತ್ತ ನಿಂತುಬಿಟ್ಟ. ಅದು ತೀರಿಕೊಂಡ ಅವಳ ಅಪ್ಪನದು. ಅಪ್ಪ ರೈಲಿನ ಗಾರ್ಡ್ ಆಗಿದ್ದರು.

"ಕೋಟು ಮಾರೋದಿಲ್ಲ," ಎಂದಳು.

"ಗುಂಡಿ?"

"ಗುಂಡಿ ಬಿಚ್ಚಿದ್ಮೇಲೆ ಏನ್ ಉಳಿಯುತ್ತೆ, ಬರೀ ಜೇಬಾ?"

ಅವನು ನಕ್ಕ. ಅವಳ ಹೊಲಿಗೆ ಅಂಕುಡೊಂಕಾಯಿತು.

ಗುಂಡಿಯ ಮೇಲಿನ ರೆಕ್ಕೆಯ ಚಕ್ರ ಒಂದು ಚಿಕ್ಕ ರೈಲ್ವೆ ಕಂಪನಿಯ ಗುರುತು ಎಂದು ತಿಳಿಸಿದವನು ಅವನೇ. ದೊಡ್ಡ ಕಂಪನಿ ಅದನ್ನು ನುಂಗಿದಾಗ ಹಳೆಯ ಗುಂಡಿಗಳನ್ನೆಲ್ಲ ವಾಪಸು ಪಡೆದು ಕರಗಿಸಿತ್ತಂತೆ. ಅಪ್ಪ ಕೊಟ್ಟಿರಲಿಲ್ಲ. ಆ ಮೌನಿ ಮನುಷ್ಯನ ಹಟ ಅವಳಿಗೆ ಆವತ್ತು ಅರ್ಥವಾಯಿತು.

ಆಮೇಲೆ ಅವನು ಕೊಳ್ಳುವ ಮಾತೆತ್ತಲಿಲ್ಲ. ಆದರೂ ಸಂಜೆ ತಪ್ಪದೆ ಬರುತ್ತಿದ್ದ. ತನ್ನ ಸಂಗ್ರಹದಲ್ಲಿ ಆ ಚಕ್ರವೊಂದು ಇಲ್ಲವೆಂದು ಒಮ್ಮೆ ಹೇಳಿದ್ದ, ಅಷ್ಟೇ.

ಅವನ ಹುಟ್ಟುಹಬ್ಬಕ್ಕೆಂದು ಅವಳು ಎದೆಯ ಗುಂಡಿಯೊಂದನ್ನು ಬಿಚ್ಚಿದಳು. ಹೀಗೆ ಕಪ್ಪಗಿರುವುದನ್ನು ಹೇಗೆ ಕೊಡಲಿ... ಹಿತ್ತಾಳೆ ಪಾಲಿಶ್ ಹಚ್ಚಿ ಮಧ್ಯಾಹ್ನವೆಲ್ಲ ಉಜ್ಜಿದಳು. ಅದು ಚಿನ್ನದಂತೆ ಹೊಳೆಯಿತು.

ಆ ದಿನ ಅವನು ಬೇಗನೆ ಬಂದ. ಹೊಲಿಗೆ ಯಂತ್ರದ ಮೇಲಿದ್ದ ಗುಂಡಿ ಕಂಡದ್ದೇ ಅವನ ಮುಖ ಇಳಿಯಿತು.

"ಉಜ್ಜಿಬಿಟ್ರಾ?"

"ಹೂಂ. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಒಳ್ಳೇ ಬೆಲೆ ಬರುತ್ತೆ ಬಿಡಿ."

ಹೊರಟೇಹೋದ. ಕಿವಿಯೋಲೆಯವನಿಗೆ ಮಾರಲು ಸಿದ್ಧ ಮಾಡಿದ್ದಾಳೆ ಎಂದು ಅವನು ತಿಳಿದ. ಇವನು ಬರುತ್ತಿದ್ದದ್ದು ಗುಂಡಿಗಾಗಿ ಮಾತ್ರ ಎಂದು ಅವಳು ತಿಳಿದಳು. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು.

ಅವಳು ಬಾಗಿಲ ಕಡೆ ಕಿವಿಯಿಟ್ಟೇ ಹೊಲಿದಳು. ಅವನು ಬರಲಿಲ್ಲ. ಕೊನೆಗೆ ಅಮ್ಮ ನೋಡಿದ ಸಂಬಂಧಕ್ಕೆ ಹೂಂ ಎಂದಳು. ಹುಡುಗನಲ್ಲಿ ಒಂದಾದರೂ ತಪ್ಪು ಹುಡುಕಲು ಹೋಗಿ ಸೋತಿದ್ದಳು. ಮದುವೆಯೂ ಆಯಿತು.

ಆಮೇಲೊಂದು ದಿನ ಕಿವಿಯೋಲೆಯ ವ್ಯಾಪಾರಿ ಗಡಿಯಾರ ರಿಪೇರಿಗೆ ತಂದ. ಮಾತಿನ ನಡುವೆ, ರೆಕ್ಕೆಯ ಚಕ್ರದ ಗುಂಡಿ ತನ್ನ ಕೈಗೆ ಬಂದೇ ಇಲ್ಲ ಎಂದ. ರಿಪೇರಿಯವನು ತನ್ನ ಅಂಗಡಿ ತೆರೆದಿಟ್ಟೇ ಅವಳಲ್ಲಿಗೆ ಓಡಿಬಂದ.

"ಅದನ್ನ ಯಾರಿಗೋಸ್ಕರ ಉಜ್ಜಿದ್ರಿ?"

"ನಿಮಗೆ." ಕತ್ತರಿ ಕೆಳಗಿಟ್ಟಳು. "ಆವತ್ತೇ ಕೇಳಬಹುದಿತ್ತಲ್ಲ."

"ಕೇಳೋಕೇ ಬಂದಿದ್ದೆ... ಬೇರೆ ಮಾತು."

ಅವಳಿಗೆ ಆ ಮಾತು ಯಾವುದೆಂದು ತಿಳಿಯಿತು. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ಕೇಳಿದ್ದಿದ್ರೆ ಹೂಂ ಅಂತಿದ್ದೆ."

"ಈಗ?"

"ಈಗ ಮನೆಗೆ ಹೋಗ್ಬೇಕು. ನಮ್ಮವರು ಊಟಕ್ಕೆ ಕಾಯ್ತಿರ್ತಾರೆ."

ಅವಳು ಅಂಗಡಿಗೆ ಬೀಗ ಹಾಕತೊಡಗಿದಳು. ಅವನು ಬಾಗಿಲನ್ನು ಎಳೆದು ಹಿಡಿದುಕೊಂಡ.

"ಹುಷಾರಾಗಿ ಹೋಗಿ," ಎಂದ.

"ನೀವೂ."

ಅವಳಿಗೆ ಒಳ್ಳೆಯ ಮನೆ ಸಿಕ್ಕಿತ್ತು. ಅವನು ಸಿಗಲಿಲ್ಲ.