ಎಕ್ಸ್ ಅಂದರೆ ಅಜ್ಜಿ

"ಅಮ್ಮಾ, ನಿಮ್ಮ ತೂಕ ಎಷ್ಟು? ಬೇಗ ಹೇಳಿ," ಎಂದ ಸೆಗುಂಡೊ.

"ಹೆಂಗಸರ ತೂಕ ಕೇಳ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?" ಎಂದಳು ಎಡಿಲ್ಮಾ ಅಜ್ಜಿ.

ಆಗಷ್ಟೇ ಆಚೆ ದಡದಿಂದ ಬಂದಿಳಿದ ಮೂವರು ಕಾಫಿ ತೋಟದವರು ಕಿಸಕ್ಕನೆ ನಕ್ಕರು. ಮೊಮ್ಮಗಳು ನಾಯೆಲಿ ತಲೆ ತಗ್ಗಿಸಿದಳು.

ಇಂತಾಗ್ ಹೊಳೆ ಕೆಳಗೆ, ತುಂಬಾ ಕೆಳಗೆ ಹರಿಯುತ್ತಿತ್ತು. ದಾಟಲು ಇದ್ದದ್ದು ಉಕ್ಕಿನ ಹಗ್ಗಕ್ಕೆ ನೇತುಹಾಕಿದ ಕಬ್ಬಿಣದ ತೊಟ್ಟಿಲು ಒಂದೇ. ಅದನ್ನು ಎಳೆಯುವ ಎಂಜಿನ್ ನಡೆಸುವವನು ಸೆಗುಂಡೊ. ತೊಟ್ಟಿಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 140 ಕೆಜಿ ಮೀರಬಾರದು.

"ಬುಟ್ಟೀನ ಆಮೇಲೆ ಕಳಿಸು ಹಾಗಾದ್ರೆ," ಎಂದಳು ಅಜ್ಜಿ.

"ಇನ್ನೊಂದು ಟ್ರಿಪ್ಪಿಗೆ ಡೀಸೆಲ್ ಇಲ್ಲ. ನಾಳೆ ಮಧ್ಯಾಹ್ನಾನೇ."

ನಾಳೆಯವರೆಗೆ ಕಾಯುವಂತಿರಲಿಲ್ಲ. ಆಚೆ ಊರಲ್ಲಿ ನಾಯೆಲಿಯ ಚಿಕ್ಕಮ್ಮ ಹೆತ್ತು ಮೂರು ದಿನವಾಗಿತ್ತು. ಬಾಣಂತಿಗೆ ಕೋಳಿ ಸಾರು ಮಾಡಿಕೊಡಲು ಅಲ್ಲಿ ಯಾರೂ ಇರಲಿಲ್ಲ. ಬುಟ್ಟಿಯಲ್ಲಿ ಎರಡು ಕೋಳಿ, ಬೆಲ್ಲ, ಮೆಕ್ಕೆಜೋಳ, ಒಂದು ಬಾಳೆಕಾಯಿ ಗೊನೆ ಇದ್ದವು.

ಸೆಗುಂಡೊ ಬುಟ್ಟಿಯನ್ನು ಸಾಮಾನು ತೂಗುವ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ. ಇಪ್ಪತ್ತನಾಲ್ಕು ಕೆಜಿ.

"ನಾನು ಮೂವತ್ತೆರಡು. ಸ್ಕೂಲಲ್ಲಿ ನೋಡಿದ್ರು," ಎಂದಳು ನಾಯೆಲಿ.

ಅಜ್ಜಿ ಕಾಫಿ ತೋಟದವರತ್ತ ಕಣ್ಣು ಹಾಯಿಸಿದಳು. ಅವಳ ತೂಕ ಅವಳಿಗೆ ಗೊತ್ತಿತ್ತು. ಹೋದ ವಾರವಷ್ಟೇ ಆಸ್ಪತ್ರೆಯಲ್ಲಿ ನೋಡಿದ್ದರು.

ನಾಯೆಲಿಗೆ ಹೋಂವರ್ಕ್ ನೆನಪಾಯಿತು. ಒಂದೇ ಉತ್ತರ ಬರೆದಿದ್ದಕ್ಕೆ ಮೇಷ್ಟ್ರು, "ಎಕ್ಸ್ ಎಷ್ಟು ಅಂತ ನಾನು ಕೇಳಿಲ್ಲಮ್ಮ, ಎಲ್ಲೀವರೆಗೆ ಇರಬಹುದು ಅಂತ ಕೇಳಿದ್ದು," ಎಂದು ಕೆಂಪು ಗೆರೆ ಎಳೆದಿದ್ದರು.

ಅವಳು ಕಡ್ಡಿ ಎತ್ತಿಕೊಂಡು ಮಣ್ಣಿನಲ್ಲಿ ಬರೆದಳು.

x + 32 + 24 ≤ 140

ಅದರ ಕೆಳಗೆ:

x ≤ 84

ಆಮೇಲೆ ಒಂದು ಉದ್ದ ಗೆರೆ ಎಳೆದಳು. 84ರ ಹತ್ತಿರ ದಪ್ಪ ಚುಕ್ಕೆ ಇಟ್ಟು, ಅಲ್ಲಿಂದ ಎಡಕ್ಕೆ ಬಾಣ ಬಿಟ್ಟಳು.

"ಅಜ್ಜಿ, ಎಕ್ಸ್ ಅಂದ್ರೆ ನೀನು. ಎಷ್ಟು ಅಂತ ಹೇಳ್ಬೇಡ. ಬಾಣದ ಕಡೆ ಇದೀಯಾ, ಇಲ್ವಾ, ಅಷ್ಟು ಹೇಳು ಸಾಕು."

ಅಜ್ಜಿ ಬಗ್ಗಿ ನೋಡಿದಳು. "ಚುಕ್ಕೆ ಮೇಲೇ ನಿಂತ್ರೆ?"

"ಚುಕ್ಕೆ ತುಂಬಿದೀನಲ್ಲ, ಅದೂ ಸೇರುತ್ತೆ. ಖಾಲಿ ಸೊನ್ನೆ ಆಗಿದ್ರೆ ಸೇರ್ತಿರ್ಲಿಲ್ಲ."

ಅಜ್ಜಿ ಬುಟ್ಟಿಗೆ ಕೈಹಾಕಿ ಬಾಳೆಕಾಯಿ ಗೊನೆ ಎಳೆದು ತೆಗೆದಳು.

"ಸೆಗುಂಡೊ, ಇದನ್ನ ನಿನ್ ಹೆಂಡ್ತಿಗೆ ಕೊಡು. ಹುರಿದು ಹಾಕ್ತಾಳೆ."

ಗೊನೆ ಆರು ಕೆಜಿ ತೂಗಿತು. ನಾಯೆಲಿ 90ರ ಹತ್ತಿರ ಇನ್ನೊಂದು ಚುಕ್ಕೆ ಇಟ್ಟು, ಅಲ್ಲಿಂದ ಬಾಣ ಎಳೆದಳು.

"ಈಗ ಬಾಣದ ಕಡೆ," ಎಂದಳು ಅಜ್ಜಿ.

"ನಿಜ ತಾನೇ ಅಮ್ಮಾ?" ಸೆಗುಂಡೊ ನಗುತ್ತಿರಲಿಲ್ಲ.

"ಮೊಮ್ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದೀನಿ. ಸುಳ್ಳು ಹೇಳ್ತೀನಾ?"

ಸೆಗುಂಡೊ ಎಂಜಿನ್ ಚಾಲೂ ಮಾಡಿದ. ಅಜ್ಜಿ ಕಂಬಿ ಹಿಡಿದು ನಿಧಾನವಾಗಿ ತೊಟ್ಟಿಲು ಹತ್ತಿದಳು.

ನಾಯೆಲಿ ನೆಲ ನೋಡಿದಳು. ಒಂದು ಚುಕ್ಕೆ 84ರಲ್ಲಿ, ಒಂದು 90ರಲ್ಲಿ. ಎರಡರ ನಡುವೆ ಎಲ್ಲೋ ಅಜ್ಜಿ ಇದ್ದಳು.

ಕಾಫಿ ತೋಟದವನೊಬ್ಬ, "ಏನಮ್ಮಾ ಅದು ಲೆಕ್ಕ?" ಎನ್ನುತ್ತಾ ಹತ್ತಿರ ಬರುತ್ತಿದ್ದ.

ನಾಯೆಲಿ ಚಪ್ಪಲಿಯಿಂದ ಗೆರೆ, ಬಾಣ, ಎರಡೂ ಚುಕ್ಕೆಗಳನ್ನು ಚೆನ್ನಾಗಿ ಉಜ್ಜಿ ಅಳಿಸಿದಳು. ಆಮೇಲೆ ಓಡಿಹೋಗಿ ಅಜ್ಜಿಯ ಪಕ್ಕ ಒತ್ತಿಕೊಂಡು ಕುಳಿತಳು.