ಜಾಗವಿಲ್ಲ ಎಂದ ಫೋನು

"ಇದು ಫೋನಾ, ಮಿಠಾಯಿನಾ?"

ಮರೀನಾ ತಲೆಯೆತ್ತಿ ನೋಡಿದಳು. ಅಂಗಡಿಯ ಕಟ್ಟೆಯ ಆಚೆ ನಿಂತಿದ್ದವನ ಕೈಯಲ್ಲಿ ಅವಳದೇ ಫೋನಿತ್ತು. ಈಗಷ್ಟೇ ಅದು ಅವಳ ಏಪ್ರನ್ ಜೇಬಿನಿಂದ ಜಾರಿ, ಲೂಕುಮಿ ಮಿಠಾಯಿ ಹೊರಳಿಸುವ ಸಕ್ಕರೆ ಪುಡಿಯ ತಟ್ಟೆಗೆ ಮುಖ ಕೆಳಗಾಗಿ ಬಿದ್ದಿತ್ತು. ಅವಳು ಕೈ ಒರೆಸಿಕೊಳ್ಳುವಷ್ಟರಲ್ಲಿ ಇವನು ಎತ್ತಿಬಿಟ್ಟಿದ್ದ.

"ಕೊಡಿ ಇಲ್ಲಿ."

"ಕೊಡ್ತೀನಿ. ಇದು ಚಾರ್ಜ್ ಆಗುತ್ತಾ?"

"ಅದಕ್ಕೆ ಮನಸ್ಸು ಬಂದ್ರೆ ಆಗುತ್ತೆ. ನಿಮಗೇನು ಬೇಕಿತ್ತು? ಗುಲಾಬಿದಾ, ಬಾದಾಮಿದಾ?"

"ಒಂದು ಸೂಜಿ."

ಮರೀನಾಗೆ ಸಿಟ್ಟು ಬಂತು. ಆದರೂ ಸೂಜಿ ಕೊಟ್ಟಳು. ಅವನು ಕಟ್ಟೆಗೆ ಮೊಣಕೈ ಊರಿ, ಚಾರ್ಜರ್ ಚುಚ್ಚುವ ಕಿಂಡಿಯಿಂದ ಗಟ್ಟಿಯಾಗಿದ್ದ ಸಕ್ಕರೆಯನ್ನು ಚೂರುಚೂರಾಗಿ ಕೆದಕಿ ತೆಗೆದ. ಹಿಂದೆ ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ಗೊಣಗಿದರು. ಅವನಿಗೆ ಕೇಳಿಸಲಿಲ್ಲ. ಅವಳಿಗೂ ಕೇಳಿಸಲಿಲ್ಲ... ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಹೊಸದು ತಗೋಬೇಕು ಅಂತಿದ್ದೆ," ಎಂದಳು, ಯಾಕೆ ಹೇಳಿದಳೋ ಅವಳಿಗೇ ತಿಳಿಯದು.

"ಬೇಡ. ಚಾರ್ಜರ್ ಕಿಂಡಿ ಬದಲಿಸಿದ್ರೆ ಇನ್ನೂ ಎರಡು ವರ್ಷ ಬಾಳುತ್ತೆ. ನಾಳೆ ನಾನೇ ತಂದು ಹಾಕಿಕೊಡ್ತೀನಿ."

"ನೀವ್ಯಾರು ಅಂತಾನೇ ಗೊತ್ತಿಲ್ಲ ನನಗೆ."

"ಅದಕ್ಕೇ ನಾಳೆ ಬರ್ತೀನಿ ಅಂದಿದ್ದು."

ಹೆಸರು ಪಂದೆಲಿಸ್. ಹಿಯೋಸ್ ದ್ವೀಪದವನು, ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಅವನ ಹಡಗು ದುರಸ್ತಿಗೆಂದು ನಮ್ಮ ಸಿರೋಸ್ ದ್ವೀಪಕ್ಕೆ ಬಂದಿತ್ತು. ಹಡಗು ರಿಪೇರಿಯಾಗಲು ಮೂರು ತಿಂಗಳು ಹಿಡಿಯಿತು. ಮರೀನಾಳ ಮನಸ್ಸು ಕೈತಪ್ಪಲು ಮೂರು ವಾರವೂ ಹಿಡಿಯಲಿಲ್ಲ. ನವೆಂಬರಿನ ಗಾಳಿಯಲ್ಲಿ ಇಬ್ಬರೂ ನಮ್ಮೂರು ಎರ್ಮುಪೋಲಿಯ ಬಂದರಿನುದ್ದಕ್ಕೂ ನಡೆದರು. ಇಡೀ ಊರು ಕಿಟಕಿಯಿಂದ ನೋಡಿತು. ನಾವು ನೋಡದೆ ಬಿಡುವವರಲ್ಲ.

ಫೆಬ್ರವರಿಯಲ್ಲಿ ಅವನು ಹೊರಟ.

"ನಿನ್ನ ಹೆಸರಿನ ಹಬ್ಬದ ದಿನ ನಿನ್ನನ್ನ ಒಂದು ಮಾತು ಕೇಳ್ತೀನಿ," ಎಂದ, ಚೀಲ ಹೆಗಲಿಗೇರಿಸಿಕೊಂಡು.

"ಈಗ್ಲೇ ಕೇಳು."

"ಈಗ ಕೇಳಿದ್ರೆ ಅಳ್ತಾ ಹೂಂ ಅಂತೀಯ. ಅಳ್ತಾ ಹೇಳಿದ ಹೂಂ ನನಗೆ ಬೇಡ."

ಹದಿನೇಳು ಜುಲೈ, ಸಂತ ಮರೀನಾಳ ದಿನ; ನಮ್ಮಲ್ಲಿ ಸಂತರ ದಿನವೇ ಆ ಹೆಸರಿನವರ ಹಬ್ಬ. ಅಂದಿನಿಂದ ಅವಳು ದಿನ ಎಣಿಸತೊಡಗಿದಳು.

ಸಮುದ್ರದ ನಡುವೆ ಮಾಮೂಲಿ ಕರೆ ಸಿಗುವುದಿಲ್ಲ. ಹಡಗಿನ ಇಂಟರ್ನೆಟ್ ಬಂದಾಗ ಅವನು ಧ್ವನಿ ಸಂದೇಶ ಕಳಿಸುತ್ತಿದ್ದ. "ಊಟ ಆಯ್ತಾ?" ಅಂತ ಒಂದು. "ಇವತ್ತು ಡಾಲ್ಫಿನ್ ನೋಡ್ದೆ, ನಿನ್ನ ಚಿಕ್ಕಮ್ಮನ ಹಾಗೇ ಇತ್ತು" ಅಂತ ಇನ್ನೊಂದು. ಹನ್ನೊಂದು ನಿಮಿಷದ್ದೊಂದಿತ್ತು. ಅದರಲ್ಲಿ ಮಾತೇ ಇರಲಿಲ್ಲ, ಬರೀ ಗಾಳಿ. ಡೆಕ್ಕಿನ ಮೇಲೆ ಕೂತು ಅವನು ಸುಮ್ಮನೆ ಉಸಿರಾಡುತ್ತಿದ್ದ. ಮರೀನಾ ಅದನ್ನು ಎಷ್ಟು ಸಲ ಕೇಳಿದಳೋ...

ಏಪ್ರಿಲ್ ಹೊತ್ತಿಗೆ ಫೋನು ಹೇಳತೊಡಗಿತು: ಜಾಗವಿಲ್ಲ.

ಅವಳು ಸೋದರಮಾವನ ಮಗಳ ಮದುವೆಯ ಫೋಟೋ ಅಳಿಸಿದಳು. ಮತ್ತೆ ಅಂತು: ಜಾಗವಿಲ್ಲ. ಆಟ ತೆಗೆದಳು, ಹಾಡು ತೆಗೆದಳು, ಕೊನೆಗೆ ತನ್ನ ಫೋಟೋಗಳನ್ನೂ ತೆಗೆದಳು. ಅವನ ಧ್ವನಿಯನ್ನು ಮಾತ್ರ ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಫೋನು ಜಾಗವಿಲ್ಲ ಎಂದಾಗಲೆಲ್ಲ, ನೊಣ ಓಡಿಸಿದಂತೆ ಬೆರಳಿನಿಂದ ಆ ಸೂಚನೆಯನ್ನು ಸರಿಸಿಬಿಡುತ್ತಿದ್ದಳು.

"ಹೊಸದು ತಗೋ ಮಗಳೇ," ಎನ್ನುತ್ತಿದ್ದಳು ಥೆಕ್ಲಾ ಚಿಕ್ಕಮ್ಮ. ಅಂಗಡಿ ಅವಳದು, ನಾಲಿಗೆಯೂ ಅವಳದು. "ಗಾಜು ಒಡೆದಿದೆ, ಹೊಟ್ಟೆ ಉಬ್ಬಿದೆ. ನಮ್ಮ ಪಾದ್ರಿ ಕೂಡ ಇದಕ್ಕಿಂತ ಬೇಗ ಉತ್ತರ ಕೊಡ್ತಾರೆ."

"ಇನ್ನೂ ನಡೀತಿದೆಯಲ್ಲ ಚಿಕ್ಕಮ್ಮ."

"ನಡೀತಿಲ್ಲ, ತೆವಳ್ತಿದೆ."

ಹೊಸ ಫೋನಿಗೆ ಹೋದರೆ ಹಳೆಯದರಲ್ಲಿರುವುದೆಲ್ಲ ಬರುತ್ತದೋ ಇಲ್ಲವೋ? ಅದೇ ಅವಳ ಭಯ. ಅದನ್ನು ಯಾರಿಗೂ ಹೇಳಲಿಲ್ಲ.

ಜುಲೈ ಹದಿನೇಳು ಬಂತು. ಹುಟ್ಟಿದ ದಿನವನ್ನು ಯಾರು ಬೇಕಾದರೂ ಮರೆಯಬಹುದು. ಹೆಸರಿನ ಹಬ್ಬವನ್ನು ಮರೆಯಲು ಕ್ಯಾಲೆಂಡರೇ ಬಿಡುವುದಿಲ್ಲ, ಚರ್ಚಿನ ಗಂಟೆಯೂ ಬಿಡುವುದಿಲ್ಲ. ಆ ದಿನ ಹಬ್ಬದವರು ಬಂದವರ ಬಾಯಿ ಸಿಹಿ ಮಾಡುತ್ತ ಕರೆಗೆ ಕಾಯಬೇಕು. ತಾವಾಗಿ ಕರೆ ಮಾಡಿ ಶುಭಾಶಯ ಕೇಳುವುದಂತೂ ಭಿಕ್ಷೆಗಿಂತ ಕಡೆ.

ಮರೀನಾ ಬೆಳಿಗ್ಗೆಯೇ ನೀಲಿ ಉಡುಪು ತೊಟ್ಟಳು. ಅಪ್ಪ ಕರೆ ಮಾಡಿದ. ಶಾಲೆಯ ಗೆಳತಿಯರು ಮಾಡಿದರು. ಹಲ್ಲಿನ ಡಾಕ್ಟರ್ ಕೂಡ ಮಾಡಿ, ನೂರ್ಕಾಲ ಬಾಳು, ಹಲ್ಲು ಉಜ್ಜು ಎಂದರು. ಪ್ರತಿ ಸಲ ಫೋನು ನಡುಗಿದಾಗ ಅವಳು ಕೈ ಒರೆಸಿಕೊಂಡು ಓಡಿದಳು.

ಅವನಿಂದ ಏನೂ ಬರಲಿಲ್ಲ.

ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಥೆಕ್ಲಾ ಕೇಳಿದಳು, "ಒಂದು ಸಂದೇಶ ನೀನೇ ಹಾಕಬಾರ್ದಾ?"

"ಏನಂತ ಹಾಕ್ಲಿ? ಇವತ್ತು ನನ್ನ ಹಬ್ಬ, ನೆನಪು ಮಾಡ್ಕೋ ಅಂತಾನಾ?"

ಥೆಕ್ಲಾ ಉಳಿದ ಲೂಕುಮಿಗೆ ಬಟ್ಟೆ ಮುಚ್ಚಿ ದೀಪ ಆರಿಸಿದಳು.

'ಕೇಳ್ತೀನಿ ಅಂದಿದ್ದ ಮಾತೇ ಇಲ್ಲವಾಯ್ತು,' ಎಂದುಕೊಂಡಳು ಮರೀನಾ. 'ಕೇಳೋ ಮನಸ್ಸಿಲ್ಲದವನು ಸುಮ್ಮನಾಗಿಬಿಡ್ತಾನೆ. ಇದೇ ಉತ್ತರ.' ಆಮೇಲಿನ ಹತ್ತು ದಿನ ಅವಳು ಅವನ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತುತ್ತಿದ್ದಳು, ಕೊನೆಯ ಅಂಕಿಯ ಮುಂದೆ ನಿಲ್ಲಿಸುತ್ತಿದ್ದಳು. ಒತ್ತಿ ಒತ್ತಿ ನಂಬರು ಬಾಯಿಪಾಠವಾಯಿತು.

ಬೇರೆ ಯಾರ ಸಂದೇಶವೂ ಬರುತ್ತಿಲ್ಲ ಎಂಬುದು ಅವಳ ಗಮನಕ್ಕೇ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮೂರಲ್ಲಿ ಸಂದೇಶ ಬರೆಯುವ ಹೊತ್ತಿಗೆ ಬಾಲ್ಕನಿಯಿಂದ ಕೂಗಿದರೆ ಕೆಲಸ ಮುಗಿಯುತ್ತದೆ.

ಜುಲೈ ಇಪ್ಪತ್ತೇಳರ ಬೆಳಿಗ್ಗೆ ಮತ್ತೆ ಗಂಟೆ ಮೊಳಗಿತು. ಸಂತ ಪಂದೆಲೆಯ್ಮನ್‌ನ ದಿನ. ಪಂದೆಲಿಸ್‌ನ ಹೆಸರಿನ ಹಬ್ಬ.

"ಕರೆ ಮಾಡು," ಎಂದಳು ಥೆಕ್ಲಾ.

"ಅವನೇ ಮಾಡ್ಲಿಲ್ಲ. ನಾನ್ಯಾಕೆ ಮಾಡ್ಲಿ?"

"ಲೆಕ್ಕ ಸರಿ ಮಾಡ್ಕೊಳ್ಳೋಕೆ ಇದೇನು ತಕ್ಕಡಿನಾ? ಹಬ್ಬದವನಿಗೆ ಶುಭ ಹೇಳದಿದ್ರೆ, ನೀನು ನನಗೆ ಸತ್ತ ಹಾಗೆ ಅಂದಂಗೆ."

"ಅವನೂ ನನಗೆ ಹಾಗೇ ಅಂದ."

ಅವಳು ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಇನ್ನು ಸಾಕು. ಆ ಧ್ವನಿಗಳನ್ನು ಹೊತ್ತುಕೊಂಡು ತಿರುಗಿದ್ದು ಸಾಕು. ಹೊಸ ಫೋನು ತಗೊಂಡು ಇದನ್ನು ಡ್ರಾಯರಿನೊಳಗೆ ಹಾಕಿಬಿಡಬೇಕು... ಹಾಗೆಂದುಕೊಂಡೇ ಮಧ್ಯಾಹ್ನದ ಬಿಸಿಲಲ್ಲಿ ಹೊರಟಳು.

ಊರೆಲ್ಲ ಬಾಗಿಲು ಹಾಕಿ ಮಲಗುವ ಹೊತ್ತದು. ಫೋನು ರಿಪೇರಿಯ ಸಿದೆರಿಸ್ ಮಾತ್ರ, ಪ್ರವಾಸಿಗರ ಫೋನು ಸಮುದ್ರಕ್ಕೆ ಬೀಳುವುದನ್ನೇ ಕಾಯುತ್ತ, ಅಂಗಡಿ ತೆರೆದಿಟ್ಟಿರುತ್ತಾನೆ. ಅವಳ ಫೋನನ್ನು ಅವನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದನ್ನ ಜೇಬಲ್ಲಿಟ್ಕೊಂಡು ಓಡಾಡಿದೀಯಾ? ಬ್ಯಾಟರಿ ಹೇಗೆ ಉಬ್ಬಿದೆ ನೋಡು. ಯಾವತ್ತೋ ಬರಬೇಕಿತ್ತು ನೀನು."

"ಈಗ ಬಂದಿದೀನಲ್ಲ. ಒಳಗಿರೋದನ್ನ ಹೊಸದಕ್ಕೆ ಹಾಕಿಕೊಡು."

ಮರೆಯಲೆಂದು ಬಂದವಳು ಮೊದಲು ಕೇಳಿದ್ದೇ ಅದನ್ನು. ಹೆಣ್ಣಿನ ಮನಸ್ಸು ಅನ್ನಿ, ಮನುಷ್ಯರ ಮನಸ್ಸು ಅನ್ನಿ, ಇರುವುದೇ ಹೀಗೆ.

ಸಿದೆರಿಸ್ ಎರಡು ಸಲ ಪ್ರಯತ್ನಿಸಿ ತಲೆಯಾಡಿಸಿದ. "ಆಗಲ್ಲ. ಅಲುಗಾಡೋಕೂ ಜಾಗ ಇಲ್ಲ ಇದರಲ್ಲಿ. ಏನಾದ್ರೂ ದೊಡ್ಡದು ಅಳಿಸು."

ಮರೀನಾ ಫೋನು ತೆಗೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು. ದೊಡ್ಡದು ಯಾವುದೆಂದು ಅವಳಿಗೆ ಹುಡುಕದೆಯೇ ಗೊತ್ತಿತ್ತು. ಹನ್ನೊಂದು ನಿಮಿಷದ ಗಾಳಿ. ಕಿವಿಗೆ ಹಿಡಿದು ಕೊನೆಯ ಸಲ ಸ್ವಲ್ಪ ಕೇಳಿದಳು. ಅವನು ಉಸಿರಾಡುತ್ತಿದ್ದ... ಅವಳು ಕಣ್ಣು ಮುಚ್ಚಿ ಅಳಿಸಿದಳು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಫೋನು ಒಮ್ಮೆ ಗುಯ್ಗುಟ್ಟಿತು. ಇನ್ನೊಮ್ಮೆ. ಆಮೇಲೆ ನಿಲ್ಲಲೇ ಇಲ್ಲ.

ಇಪ್ಪತ್ಮೂರು ಸಂದೇಶ. ಎಲ್ಲ ಪಂದೆಲಿಸ್‌ನವು.

ಅವಳು ಎಲ್ಲಕ್ಕಿಂತ ಮೊದಲು ಹದಿನೇಳನೇ ತಾರೀಖಿನದನ್ನು ಒತ್ತಿದಳು.

"ನೂರ್ಕಾಲ ಬಾಳು ನನ್ನ ಮರೀನಾ. ಬೆಳಿಗ್ಗೆ ಆರು ಗಂಟೆ ಇಲ್ಲಿ. ಎಲ್ಲರಿಗಿಂತ ಮೊದಲು ಹೇಳ್ಬೇಕು ಅಂತ ಎದ್ದೆ. ಈಗ ಕೇಳ್ತೀನಿ... ನನಗೆ ಸಮುದ್ರ ಸಾಕಾಗಿದೆ. ನಿಮ್ಮೂರಿನ ಹಡಗು ದುರಸ್ತಿ ಕಟ್ಟೇಲಿ ಕೆಲಸ ಕೊಡ್ತಾರಂತೆ. ಬಂದುಬಿಡ್ಲಾ? ನಿನ್ನ ಜೊತೆ ಇದ್ದುಬಿಡ್ಲಾ? ಯೋಚನೆ ಮಾಡಿ ಹೇಳು. ಬೇಡ ಅಂದ್ರೂ ಹೇಳು. ಸುಮ್ಮನೆ ಮಾತ್ರ ಇರ್ಬೇಡ."

ಅವಳು ಸುಮ್ಮನಿದ್ದಳು. ಹತ್ತು ದಿನ ಸುಮ್ಮನಿದ್ದಳು. ಅವನ ಹಳೆಯ ಮಾತುಗಳನ್ನು ಅಪ್ಪಿಕೊಂಡು ಕೂತು, ಹೊಸ ಮಾತಿಗೆ ಜಾಗವೇ ಇಲ್ಲದಂತೆ ಮಾಡಿದ್ದಳು.

ಕೊನೆಯದು ನಿನ್ನೆ ಕಳಿಸಿದ್ದು.

"ಇದು ನಿನಗೆ ತಲುಪಲ್ಲ ಅಂತ ಗೊತ್ತು. ಯಾವುದೂ ತಲುಪ್ತಿಲ್ಲ, ನನ್ನನ್ನ ಬ್ಲಾಕ್ ಮಾಡಿ ತಡೆದಿಟ್ಟಿದೀಯ. ಇಷ್ಟವಿಲ್ಲದವಳ ಮೇಲೆ ಬಿದ್ದು ಕರೆ ಮಾಡೋನಲ್ಲ ನಾನು. ಪಿರೇಯಸ್ ಬಂದರಿಗೆ ಬಂದಿಳಿದಿದೀನಿ. ನಾಳೆ ನನ್ನ ಹಬ್ಬ. ಸಂಜೆ ನಾಲ್ಕಕ್ಕೆ ಹೊಸ ಹಡಗಿನ ಕೆಲಸದ ಕಾಗದಕ್ಕೆ ಸಹಿ ಹಾಕ್ಬೇಕು, ಒಂಬತ್ತು ತಿಂಗಳು. ಅಷ್ಟರೊಳಗೆ ನಿನ್ನ ಕರೆ ಬಂದ್ರೆ ಹಾಕಲ್ಲ. ಬರದಿದ್ರೆ ನನಗೆ ಉತ್ತರ ಸಿಕ್ಕಿತು ಅಂತ."

ಗೋಡೆಯ ಗಡಿಯಾರದಲ್ಲಿ ಮೂರೂ ಐವತ್ತು.

ಅವಳು ಅವನ ಹೆಸರು ಒತ್ತಿದಳು. ಪರದೆ ಒಮ್ಮೆ ಬೆಳಗಿ ಕಪ್ಪಾಯಿತು.

"ಸಿದೆರಿ... ಸಿದೆರಿ, ಆರಿಹೋಯ್ತು ಇದು."

"ಇಪ್ಪತ್ಮೂರು ಸಲ ಕುಣಿಸಿದ್ರೆ ಆರದೆ ಏನಾಗುತ್ತೆ? ಉಬ್ಬಿದ ಬ್ಯಾಟರಿಗೆ ಚಾರ್ಜರ್ ಚುಚ್ಚಿದ್ರೆ ಬೆಂಕಿ ಹತ್ತುತ್ತೆ. ನನ್ನ ಫೋನಿಂದ ಮಾಡು."

"ಅವನು ಗುರುತಿಲ್ಲದ ನಂಬರ್ ಎತ್ತಲ್ಲ. ನನ್ನ ನಂಬರೇ ಕಾಣ್ಬೇಕು. ಸಿಮ್ ತೆಗಿ, ಹೊಸದಕ್ಕೆ ಹಾಕು."

ಸಿದೆರಿಸ್ ಪಿನ್ನು ಚುಚ್ಚಿ ನೋಡಿ ಮುಖ ಹುಳಿ ಮಾಡಿದ. "ಉಬ್ಬಿದ ಬ್ಯಾಟರಿ ಸಿಮ್ಮಿನ ತಟ್ಟೆಯನ್ನ ಒತ್ತಿ ಹಿಡ್ಕೊಂಡಿದೆ. ಎರಡು ದಿನ ಕೊಡು, ನಾಜೂಕಾಗಿ ಬಿಚ್ಚಿ ಒಳಗಿರೋದೆಲ್ಲ ಉಳಿಸಿ ಕೊಡ್ತೀನಿ. ಈಗ್ಲೇ ಕಿತ್ತರೆ ಸಿಮ್ ಸಿಗುತ್ತೆ, ಫೋನು ಸಾಯುತ್ತೆ. ಅದರೊಳಗಿರೋದು ಒಂದೂ ಸಿಗಲ್ಲ. ನೀನೇ ಹೇಳು."

ಊಟ ಆಯ್ತಾ ಎಂದು ಕೇಳಿದ ಆ ಧ್ವನಿ. ಡಾಲ್ಫಿನ್ ಕಂಡು ನಕ್ಕ ಧ್ವನಿ. ಐದು ತಿಂಗಳು ಅವಳನ್ನು ಬದುಕಿಸಿದ್ದು ಅವೇ. ಈಗಷ್ಟೇ ಕೇಳಿದ ಬಂದುಬಿಡ್ಲಾ ಎಂಬ ಮಾತು ಕೂಡ ಅದರೊಳಗೇ ಇತ್ತು.

"ಕೀಳು," ಎಂದಳು.

"ಖಂಡಿತಾನಾ?"

"ಅವನು ಬದುಕಿದಾನೆ ಸಿದೆರಿ. ಅದನ್ನಿಟ್ಕೊಂಡು ನಾನೇನು ಮಾಡ್ಲಿ? ಕೀಳು."

ಲಟ್ ಎಂದಿತು. ಮರೀನಾ ಆ ಕಡೆ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದಳು. ಹೊಸ ಫೋನು ಎದ್ದು ಅದು ಒಪ್ಪು ಇದು ಒಪ್ಪು ಎಂದು ರಗಳೆ ತೆಗೆಯಿತು. ಸಿದೆರಿಸ್ ಓದದೆ ಎಲ್ಲಕ್ಕೂ ಒಪ್ಪಿದ. ಮೂರೂ ಐವತ್ತೆಂಟಕ್ಕೆ ಅವಳು ನಂಬರು ಒತ್ತಿದಳು. ಈ ಸಲ ಕೊನೆಯ ಅಂಕಿಯ ಮುಂದೆ ಬೆರಳು ನಿಲ್ಲಲಿಲ್ಲ.

ಒಂದು ರಿಂಗು. ಎರಡು. ಮೂರು. ನಾಲ್ಕು...

"ಹೇಳು," ಎಂದಿತು ಆ ಕಡೆಯ ಧ್ವನಿ, ಬಹಳ ಮೆಲ್ಲಗೆ.

"ನೂರ್ಕಾಲ ಬಾಳು," ಎಂದಳು. "ನಿನ್ನ ಹಬ್ಬ ಇವತ್ತು."

"ಗೊತ್ತು. ಬೆಳಿಗ್ಗೆಯಿಂದ ಅದೊಂದೇ ಗೊತ್ತಿರೋದು."

"ಸಹಿ ಹಾಕಿದ್ಯಾ?"

"ಪೆನ್ನು ಕೈಲಿದೆ."

"ಕೆಳಗಿಡು."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಸಿದೆರಿಸ್‌ಗೆ ಇದ್ದಕ್ಕಿದ್ದಂತೆ ಹೊರಗಡೆ ಏನೋ ಕೆಲಸ ನೆನಪಾಗಿ ಬಾಗಿಲಾಚೆ ಹೋಗಿ ನಿಂತ.

"ನಾನು ನಿನ್ನನ್ನ ತಡೆದಿಟ್ಟಿರಲಿಲ್ಲ ಪಂದೆಲಿ. ನನ್ನ ಫೋನಲ್ಲಿ ಜಾಗ ಇರಲಿಲ್ಲ. ನಿನ್ನ ಹಳೇ ಮಾತೇ ತುಂಬ್ಕೊಂಡಿತ್ತು, ಒಂದನ್ನೂ ಅಳಿಸೋಕೆ ಮನಸ್ಸಾಗ್ಲಿಲ್ಲ. ಈಗಷ್ಟೇ ಕೇಳ್ದೆ, ಎಲ್ಲ ಒಟ್ಟಿಗೆ. ನೀನು ಮರೆತೆ ಅನ್ಕೊಂಡು ಹತ್ತು ದಿನ ಸತ್ತೇ ಹೋಗಿದ್ದೆ..."

"ನಾನೂ," ಎಂದ ಅವನು. "ಕೊನೆಗೂ ಅಳ್ತಾನೇ ಮಾತಾಡ್ತಿದೀಯ."

"ಹೂಂ. ಇದನ್ನೇ ತಗೋ. ಬೇರೆ ಹೂಂ ಇಲ್ಲ ನನ್ನ ಹತ್ರ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಯಾರೋ ಅವನ ಹೆಸರು ಹಿಡಿದು ಕೂಗಿದರು. ಬಾಗಿಲು ಮುಚ್ಚಿತು. ಆಮೇಲೆ ರಸ್ತೆಯ ಗದ್ದಲ, ಅವನ ದಾಪುಗಾಲು.

"ಐದೂವರೆಗೆ ನಿಮ್ಮೂರಿಗೆ ಹಡಗಿದೆ," ಎಂದ ಅವನು ಏದುಸಿರಲ್ಲಿ. "ಹಬ್ಬದವನು ಬರಿಗೈಲಿ ಬರಬಾರ್ದು ಅಂತಾರೆ ನಿನ್ನ ಚಿಕ್ಕಮ್ಮ. ಏನು ತರ್ಲಿ?"

ಮರೀನಾ ಕೆನ್ನೆ ಒರೆಸಿಕೊಂಡಳು.

"ಏನು ಬೇಕಾದ್ರೂ ತಾ. ವಾಪಸ್ ಟಿಕೆಟ್ ಮಾತ್ರ ತರ್ಬೇಡ."