ಎರಡು ಕಿಟಕಿಗಳ ನಡುವಿನ ಕಂಬ

೧೯೮೩ರ ಆಗಸ್ಟ್ ೨೨, ಸೋಮವಾರ ಬೆಳಿಗ್ಗೆ, ಲಾಸ್ ಏಂಜಲಿಸ್‌ನ ಉತ್ತರ ಅಂಚಿನ ಠಾಣೆಗೆ ದೂರು ಕೊಡಲು ಬಂದ ಡಾಕ್ಟರ್ ವರದರಾಜ, ಅದನ್ನು ಬರೆದುಕೊಳ್ಳುವ ಡಿಟೆಕ್ಟಿವ್ ಕನ್ನಡದವನೆಂದು ತಿಳಿದು, ಮೇಜಿನ ಮೇಲಿನ ಹೆಸರು ಓದಿ ಮುಖ ಹುಳ್ಳಗೆ ಮಾಡಿಕೊಂಡರು.

“ರಾಚಯ್ಯ ಅಂತಲಾ? ಅಮೆರಿಕಾವರೆಗೂ ಬಂದು ಪೊಲೀಸ್ ಆದ್ರಾ?”

“ಹೌದು ಸಾರ್. ಏನು ಕಳೆದಿದೆ?”

“ಕಾರು. ಐವತ್ತೇಳನೇ ಇಸವಿ ಷೆವರ್ಲೆ ಕೂಪೆ, ಕೆಂಪು-ಬಿಳಿ. ಮೈಸೂರಿಗೆ ಹೋಗಿದ್ವಿ. ಒಂದು ವಾರ ಮೊದಲೇ ವಾಪಸ್ ಬಂದ್ವಿ, ನೋಡಿದ್ರೆ ಗ್ಯಾರೇಜ್ ಖಾಲಿ.”

“ಎರಡು ಬಾಗಿಲಿನದಾ?”

“ಕೂಪೆ ಅಂದ್ಮೇಲೆ ಎರಡೇ ಅಲ್ವೇನ್ರೀ.”

“ಕಂಬ ಇತ್ತಾ?”

“ಯಾವ ಕಂಬ?”

ರಾಚಯ್ಯ ವಿವರಿಸಿದ. ಬಾಗಿಲಿನ ಕಿಟಕಿಗೂ ಹಿಂದಿನ ಕಿಟಕಿಗೂ ನಡುವೆ ಛಾವಣಿ ಹೊತ್ತ ಕಂಬವಿದ್ದರೆ ಅದು ಎರಡು ಬಾಗಿಲಿನ ಸೆಡಾನ್. ಇಲ್ಲದಿದ್ದರೆ ಹಾರ್ಡ್‌ಟಾಪ್, ಗಾಜುಗಳನ್ನೆಲ್ಲ ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಬಯಲು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.

“ಅದೆಲ್ಲ ನಂಗೇನ್ರೀ ಗೊತ್ತು? ಪಿಕ್ನಿಕ್‌ಗೆ ತಗೊಂಡ್ಹೋದ್ರೆ ಜನ ಸುತ್ತ ನಿಂತು ನೋಡ್ತಾರೆ. ಅಷ್ಟು ಸಾಕು. ನಮ್ಮ ತೋಟದವನು ಮಾಟೇಯೊ ಅಂತ. ಗ್ಯಾರೇಜ್ ಕೀ ಅವನ ಹತ್ರ ಇರುತ್ತೆ. ಅವನದೇ ಕೆಲಸ.”

ದೂರುದಾರನಿಗೆ ತನ್ನ ವಸ್ತು ಯಾವುದೆಂದು ಗೊತ್ತಿಲ್ಲ, ಕಳ್ಳ ಯಾರೆಂಬುದು ಮಾತ್ರ ಖಚಿತ. ಇಂಥವರನ್ನು ರಾಚಯ್ಯ ಹದಿನೈದು ವರ್ಷಗಳಿಂದ ನೋಡುತ್ತ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಮಾಟೇಯೊ ಲಾಕಪ್ಪಿನಲ್ಲಿದ್ದ. ಈ ದೇಶದಲ್ಲಿರಲು ಅವನ ಬಳಿ ಕಾಗದಪತ್ರಗಳಿರಲಿಲ್ಲ. ಬುಧವಾರದೊಳಗೆ ಬೇರೆ ಆರೋಪಿ ಸಿಗದಿದ್ದರೆ ಅವನನ್ನು ಗಡಿ ದಾಟಿಸುವುದು ನಿಶ್ಚಯವಾಗಿತ್ತು. ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು.

ಅಂದೇ ಪೋರ್ಟರ್ ರ್ಯಾಂಚ್ ಬಡಾವಣೆಯ ಡಾಕ್ಟರ ಮನೆಯಲ್ಲಿ ಸ್ಥಳ ಪರಿಶೀಲನೆ ನಡೆಯಿತು. ಪಂಚನಾಮೆ ಎಂದು ಊರಿನಲ್ಲಿ ಕರೆಯುತ್ತಿದ್ದುದು ಇದನ್ನೇ. ಗ್ಯಾರೇಜಿನ ಬೀಗ ಒಡೆದಿರಲಿಲ್ಲ. ಕಾರಿನ ಕೆಳಗೆ ಎಣ್ಣೆ ಹಿಡಿಯಲು ಇಟ್ಟಿದ್ದ ತಗಡಿನ ತಟ್ಟೆಯನ್ನು ಯಾರೋ ತೊಳೆದು ಗೋಡೆಗೆ ಒರಗಿಸಿದ್ದರು.

“ಹಾಗೆ ತೊಳೆದಿಡೋರು ಶೇಖಪ್ಪ ಒಬ್ರೇ,” ಎಂದರು ಡಾಕ್ಟರ ಹೆಂಡತಿ ವಿನೋದಾ. “ಕಾರ್ಲ್ಸ್‌ಬಾಡ್‌ನಲ್ಲಿ ಇಂಜಿನಿಯರ್. ಆರು ವರ್ಷ ಪ್ರತಿ ಭಾನುವಾರ ಬಂದು, ತುಕ್ಕು ಹಿಡಿದ ಡಬ್ಬಾನ ಕಾರು ಮಾಡಿದ್ದು ಅವ್ರೇ.”

“ಅವನಿಗದು ಹವ್ಯಾಸ,” ಎಂದರು ವರದರಾಜ. “ಕಾರು ನಂದು, ಗ್ಯಾರೇಜ್ ನಂದು. ಊಟ ಹಾಕ್ತಿರಲಿಲ್ವಾ?”

“ಅವರ ಹತ್ರ ಕೀ ಇದೆಯಾ?”

“ಇದೆ. ಆದ್ರೆ ಅವನು ನಮ್ಮವನು ರೀ. ಓದಿದವನು.”

ಕಾರಿನ ಹಳೆಯ ಫೋಟೋ ಒಂದರಲ್ಲಿ ಕಿಟಕಿಗಳ ನಡುವೆ ಕಂಬವಿರಲಿಲ್ಲ. ಹಾರ್ಡ್‌ಟಾಪ್ ಎಂದು ಎಲ್ಲ ಠಾಣೆಗಳಿಗೂ ಸಂದೇಶ ಹೋಯಿತು. ಸ್ಯಾನ್ ಡಿಯೆಗೊ ಕಡೆಯಿಂದ ಬಂದ ಉತ್ತರ ಚಿಕ್ಕದಾಗಿತ್ತು: ಕಾರ್ಲ್ಸ್‌ಬಾಡ್‌ನಲ್ಲಿ ಒಂದು ಐವತ್ತೇಳರ ಷೆವರ್ಲೆ ಕಂಡಿದೆ, ಆದರೆ ಬೂದು ಬಣ್ಣದ್ದು, ಕಂಬವುಳ್ಳ ಸೆಡಾನ್, ಆದ್ದರಿಂದ ಕೈಬಿಡಲಾಗಿದೆ.

ಮಂಗಳವಾರ ರಾಚಯ್ಯ ಕಾರ್ಲ್ಸ್‌ಬಾಡ್‌ಗೆ ಹೋದ. ಬೂದು ಕಾರು ಶೇಖಪ್ಪನ ಮನೆಯ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು.

“ಬರ್ರಿ. ನೀರ್ ಕುಡೀತೀರೇನ್ರಿ?” ಎಂದ ಶೇಖಪ್ಪ. ನಲವತ್ತರ ಸಣಕಲು ಮನುಷ್ಯ. ಅವನ ಕೈಯಲ್ಲಿ ಬಣ್ಣದ ವಾಸನೆಯಿತ್ತು.

“ಇದು ಯಾವ ಬಾಡಿ?”

“ಕಂಬ ಐತಲ್ರಿ. ಸೆಡಾನ್.”

ರಾಚಯ್ಯ ಒಳಗೆ ಕೂತು ಬಾಗಿಲಿನ ಹಿಡಿಕೆ ತಿರುಗಿಸಿ ಗಾಜು ಇಳಿಸಿದ. ಸೆಡಾನ್ ಆಗಿದ್ದರೆ ಗಾಜು ಇಳಿದ ಮೇಲೂ ಅದರ ಸುತ್ತಲಿನ ಲೋಹದ ಚೌಕಟ್ಟು ಬಾಗಿಲ ಮೇಲೆ ನಿಂತಿರಬೇಕು. ಇಲ್ಲಿ ಏನೂ ಉಳಿಯಲಿಲ್ಲ. ಹಿಂದಿನ ಗಾಜೂ ಇಳಿಯಿತು. ನಡುವೆ ಕಂಬವೊಂದೇ ಯಾವುದಕ್ಕೂ ಸಂಬಂಧವಿಲ್ಲದಂತೆ ನಿಂತಿತ್ತು. ಬೆಸುಗೆ ಕೈಗೆ ತಾಗದಷ್ಟು ನಯವಾಗಿತ್ತು.

ಸೆಡಾನಿನ ಕಂಬ ಕತ್ತರಿಸಿ, ಹೆಚ್ಚು ಬೆಲೆಯ ಹಾರ್ಡ್‌ಟಾಪ್ ಎಂದು ಮಾರುವ ಮೋಸಗಾರರು ರಾಚಯ್ಯನಿಗೆ ಗೊತ್ತಿದ್ದರು. ಹಾರ್ಡ್‌ಟಾಪಿಗೆ ಕಂಬ ಕೂರಿಸಿ ಅದರ ಅಂದ ಕೆಡಿಸಿದವನನ್ನು ಅವನು ಕಂಡಿರಲಿಲ್ಲ.

“ಮಾಟೇಯೊ ಲಾಕಪ್ಪಿನಲ್ಲಿದ್ದಾನೆ,” ಎಂದ. “ನಾಳೆ ಅವನನ್ನು ಗಡಿ ದಾಟಿಸ್ತಾರೆ.”

ಶೇಖಪ್ಪ ಕಂಬದ ಮೇಲೆ ಕೈಯಿಟ್ಟ.

“ಅವ ಏನ್ ಮಾಡ್ಯಾನ್ರಿ? ಅವನ್ನ ಬಿಡ್ರಿ. ಕಾರ್ ತಂದಾಂವ ನಾನು.”

“ನಿಮ್ಮ ಗ್ರೀನ್ ಕಾರ್ಡ್ ಹೋಗಬಹುದು.”

“ಗೊತ್ತೈತ್ರಿ.”

ಬಂಧನ ಮಧ್ಯಾಹ್ನ ೩.೧೦ಕ್ಕೆ. ಲಾಸ್ ಏಂಜಲಿಸ್‌ಗೆ ಹಿಂತಿರುಗುವ ದಾರಿಯಲ್ಲಿ ರಾಚಯ್ಯ ಒಂದೇ ಪ್ರಶ್ನೆ ಕೇಳಿದ.

“ಯಾಕೆ?”

“ಆರು ವರ್ಷದಾಗ ಆ ಮನಷ್ಯಾ ಎಲ್ಲಾ ಗ್ಲಾಸ್ ಒಮ್ಮೆನೂ ಇಳಿಸಲಿಲ್ರಿ. ಕೂದಲ ಕೆಡ್ತಾವಂತ. ಪಿಕ್ನಿಕ್‌ನಾಗ ಯಾರೋ ಇದ್ಯಾವ ಬಾಡಿ ಅಂತ ಕೇಳಿದ್ರ, ಸೆಡಾನ್ ಅಂದ್ರು. ನಾ ಬಾಜೂಕ ನಿಂತಿದ್ದೆ. ಇಂವ ನಮ್ಮ ಮೆಕ್ಯಾನಿಕ್ ಅಂತ ತೋರಿಸಿದ್ರು. ಸೆಡಾನ್ ಬೇಕಿತ್ತು, ಸೆಡಾನ್ ಮಾಡಿದೆ. ಅವರು ಬರೂದ್ರಾಗ ಈ ಬೂದು ತಳಬಣ್ಣದ ಮ್ಯಾಲ ಮತ್ತ ಕೆಂಪು-ಬಿಳಿ ಹಚ್ಚಿ ಒಯ್ದು ನಿಲ್ಲಿಸೋನಿದ್ದೆ. ನೋಡಿ ಏನಂತಾರ ಅಂತ.”

ಬುಧವಾರ ಮಾಟೇಯೊ ಬಿಡುಗಡೆಯಾದ. ಹೆಂಡತಿಯ ಜೊತೆ ಮೆಟ್ಟಿಲಿಳಿದು, ಹಿಂತಿರುಗಿ ನೋಡದೆ ಹೋದ. ಕಾರನ್ನು ಗುರುತಿಸಲು ವರದರಾಜ ಠಾಣೆಯ ಅಂಗಳಕ್ಕೆ ಬಂದರು. ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಬೆರಳೆಳೆದು ನೋಡಿಕೊಂಡರು.

“ಬಣ್ಣ ಒಂದು ಬದಲಾಯಿಸಿದ್ದಾನೆ. ಬೇರೇನೂ ಹಾಳು ಮಾಡಿಲ್ಲ, ಪುಣ್ಯ.” ಕರವಸ್ತ್ರದಿಂದ ಬೆರಳೊರೆಸಿಕೊಂಡು ಕೇಳಿದರು, “ಮಾಟೇಯೊ ಹೊರಟೇಬಿಟ್ನಾ? ಲಾನ್ ಬೆಳೆದು ನಿಂತಿದೆ.”

ರಾಚಯ್ಯ ಒಳಗೆ ಹೋದ. ಕಂಬಿಯ ಹಿಂದೆ ಶೇಖಪ್ಪ ಎದ್ದು ನಿಂತಿದ್ದ.

“ಬಂದಿದ್ರೇನ್ರಿ ಅವರು?”

“ಬಂದಿದ್ದರು.”

“ನೋಡಿದ್ರಾ?”

“ಸುತ್ತ ಬಂದು ನೋಡಿದರು.”

“ಏನಂದ್ರು?”

ಸುಳ್ಳು ಹೇಳಬಹುದಿತ್ತು. ರಾಚಯ್ಯ ಹೇಳಲಿಲ್ಲ.

“ಬಣ್ಣ ಬದಲಾಗಿದೆ ಅಂದರು.”

ಶೇಖಪ್ಪ ಇನ್ನೇನಾದರೂ ಬಂದೀತೆಂಬಂತೆ ಅವನ ಬಾಯನ್ನೇ ನೋಡುತ್ತ ನಿಂತ. ಬರಲಿಲ್ಲ. ಬಂಧಿಸಿದಾಗಲೂ ತಲೆಯೆತ್ತಿಕೊಂಡೇ ನಡೆದಿದ್ದವನು ಈಗ ಮೆಲ್ಲಗೆ ಬೆಂಚಿನ ಮೇಲೆ ಕೂತು, ಗೋಡೆಯ ಕಡೆ ಮುಖ ತಿರುಗಿಸಿದ.